‘ಸೆಟ್’ ಪದಕ್ಕೆ ಅರ್ಥಗಳೆಷ್ಟು?

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದೆಂಬ ಪ್ರಶ್ನೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲೂ ರಸಪ್ರಶ್ನೆ ಕಾರ್ಯಕ್ರಮಗಳಲ್ಲೂ ಬಹುಕಾಲದಿಂದ ಸುತ್ತಾಡುತ್ತಿದೆ. ‘ಸೆಟ್’ ಎಂದವರಿಗೆ ಪೂರ್ತಿ ಅಂಕ ಸಿಗುತ್ತಿತ್ತು. ಆದರೆ ಅರ್ಥಗಳು ಎಷ್ಟೆಂದು ಕೇಳಿದ ಕೂಡಲೇ ಗೊಂದಲ ಶುರುವಾಗುತ್ತದೆ. ಒಂದು ಪುಸ್ತಕ 194 ಎನ್ನುತ್ತದೆ, ಇನ್ನೊಂದು 430 ಎನ್ನುತ್ತದೆ, ಮತ್ತೆ ಕೆಲವು 464 ಎಂದೂ 580 ಎಂದೂ ಬರೆಯುತ್ತವೆ. ಈಚೆಗೆ ‘ಅದು ಹಳೆಯ ಮಾತು, ಈಗಿನ ಸರಿಯುತ್ತರ ರನ್’ ಎಂಬ ತಿದ್ದುಪಡಿಯೂ ಸೇರಿಕೊಂಡಿದೆ. ಪದ ಒಂದೇ ಆಗಿರುವಾಗ ಇಷ್ಟು ಲೆಕ್ಕಗಳು ಹುಟ್ಟಿದ್ದು ಹೇಗೆಂದು ತಿಳಿಯಬೇಕಾದರೆ ನಿಘಂಟು ತಯಾರಾಗುವ ಕೋಣೆಯೊಳಕ್ಕೆ ಒಮ್ಮೆ ಇಣುಕಬೇಕು.

ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ 1857ರಲ್ಲಿ ಮೊಳೆತ ಹಂಬಲವೇ ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಾಯಿತು. 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕತ್ವ ವಹಿಸಿಕೊಂಡರು, 1884ರಲ್ಲಿ ಮೊದಲ ಕಂತು ಹೊರಬಂತು, 1928ರಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಮರ್ರೆ ತೀರಿಕೊಂಡು 13 ವರ್ಷಗಳಾಗಿದ್ದವು. ಎಸ್ ಅಕ್ಷರದ ಮೊದಲ ಭಾಗ, ಅಂದರೆ ‘ಸೆಟ್’ ಬರುವ ಭಾಗ, ಹೆನ್ರಿ ಬ್ರಾಡ್ಲಿ ಎಂಬ ಇನ್ನೊಬ್ಬ ಸಂಪಾದಕರ ಪಾಲಿಗೆ ಬಂದಿತ್ತು.

ಅವರ ಕೆಲಸದ ಕಚ್ಚಾ ಸಾಮಗ್ರಿಯೆಂದರೆ ಚೀಟಿ. ಪುಸ್ತಕ ಓದುವ ಹವ್ಯಾಸವಿದ್ದ ಸಾವಿರಾರು ಸ್ವಯಂಸೇವಕರು ಓದುತ್ತ ಓದುತ್ತ ಕಣ್ಣಿಗೆ ಬಿದ್ದ ಬಳಕೆಯನ್ನು ಒಂದು ಚೀಟಿಗೆ ಇಳಿಸುತ್ತಿದ್ದರು. ಎಡ ಮೂಲೆಯಲ್ಲಿ ಪದ, ಅದರ ಕೆಳಗೆ ಇಸವಿ, ಲೇಖಕ, ಕೃತಿ, ಪುಟಸಂಖ್ಯೆ, ಆಮೇಲೆ ಆ ಪದವಿರುವ ವಾಕ್ಯ, ಇಷ್ಟೇ. ಹೀಗೆ ಬಂದ ಚೀಟಿಗಳನ್ನು ಸಂಪಾದಕರು ಮೇಜಿನ ಮೇಲೆ ಹರವಿ, ಒಂದೇ ಬಗೆಯಲ್ಲಿ ಪದ ಬಳಕೆಯಾದವನ್ನು ಒಂದು ಗುಡ್ಡೆಗೆ ಹಾಕುತ್ತಿದ್ದರು. ಒಂದೊಂದು ಗುಡ್ಡೆಯೂ ಒಂದೊಂದು ಅರ್ಥ. ನಾವು ‘ಈ ಪದಕ್ಕೆ ಇಷ್ಟು ಅರ್ಥ’ ಎನ್ನುವಾಗ ವಾಸ್ತವವಾಗಿ ಎಣಿಸುತ್ತಿರುವುದು ಆ ಗುಡ್ಡೆಗಳನ್ನು. ತೊಡಕಿನ ಬೇರು ಇರುವುದೂ ಇಲ್ಲಿಯೇ.

ಇದನ್ನು ಕನ್ನಡದಲ್ಲಿಟ್ಟು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ‘ಸೆಟ್’ ಕ್ರಿಯಾಪದವು ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರುವುದು, ‘ಸೆಟ್ಟನ್’ ಎಂದರೆ ಕೂರಿಸುವುದು. ಈಗ ನಮ್ಮ ‘ಕೂರಿಸು’ ಎಲ್ಲೆಲ್ಲಿ ಬರುತ್ತದೆಂದು ನೆನಪಿಸಿಕೊಳ್ಳಿ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ. ನಾಟಿ ವೈದ್ಯ ಜಾರಿದ ಮೂಳೆಯನ್ನು ಕೂರಿಸುತ್ತಾನೆ. ಮನೆಯಾಕೆ ಕೋಳಿಯನ್ನು ಕಾವಿಗೆ ಕೂರಿಸುತ್ತಾಳೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತೇವೆ, ಚೌತಿಗೆ ಗಣಪತಿ ಕೂರಿಸುತ್ತೇವೆ. ಇವುಗಳಲ್ಲಿ ಹರಳು, ಮೂಳೆ, ಕೋಳಿ ಈ ಮೂರಕ್ಕೂ ಇಂಗ್ಲಿಷಿನವರು ಬಳಸುವುದು ‘ಸೆಟ್’ ಪದವನ್ನೇ. ಎರಡು ಭಾಷೆಗಳೂ ಒಂದರಿಂದ ಇನ್ನೊಂದು ಕಲಿತದ್ದಲ್ಲ. ಕೂತದ್ದು ಅಲುಗುವುದಿಲ್ಲ ಎಂಬ ಎಲ್ಲರೂ ಕಂಡ ಸಂಗತಿಯಿಂದ ಎರಡೂ ಒಂದೇ ದಾರಿ ಹಿಡಿದಿವೆ.

ಹರಳಿನ ಚೀಟಿಯನ್ನೂ ಮೂಳೆಯ ಚೀಟಿಯನ್ನೂ ಒಂದೇ ಗುಡ್ಡೆಗೆ ಹಾಕಬೇಕೋ ಎರಡು ಗುಡ್ಡೆ ಮಾಡಬೇಕೋ? ‘ತಕ್ಕ ಜಾಗದಲ್ಲಿ ಭದ್ರವಾಗಿ ಇರಿಸು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ನಿಘಂಟುಕಾರ ಸೋಮಾರಿಯಲ್ಲ. ಹರಳಿಗೊಂದು, ಮೂಳೆಗೊಂದು, ಕೋಳಿಗೊಂದು ಎಂದು ಬಿಡಿಸುವವನು ಜಗಳಗಂಟನೂ ಅಲ್ಲ. ಚಿಕ್ಕ ನಿಘಂಟಿಗೆ ಮೊದಲನೆಯ ದಾರಿ ಸರಿ, ಪ್ರತಿ ಬಳಕೆಯ ಹುಟ್ಟಿದ ಕಾಲವನ್ನೂ ದಾಖಲಿಸಹೊರಟ ಆಕ್ಸ್‌ಫರ್ಡಿಗೆ ಎರಡನೆಯದು ಅನಿವಾರ್ಯ. ಗುಡ್ಡೆ ಬೇರೆಯಾದಂತೆ ಸಂಖ್ಯೆಯೂ ಬೇರೆಯಾಗುತ್ತದೆ.

ಇದರ ಮೇಲೆ ಇನ್ನೊಂದು ಬೆರಕೆಯಿದೆ. ಗುಂಪು ಅಥವಾ ಜೋಡಣೆ ಎಂಬರ್ಥದ ‘ಸೆಟ್’ ನಾಮಪದದ ಮೂಲ ‘ಕೂರಿಸು’ ಅಲ್ಲ. ಅದು ಹಳೆಯ ಫ್ರೆಂಚಿನ ‘ಸೆಟ್ಟ’ ಎಂಬುದರಿಂದ, ಅದಕ್ಕೂ ಹಿಂದೆ ಲ್ಯಾಟಿನ್ನಿನ ‘ಸೆಕ್ಟ’ ಎಂಬುದರಿಂದ ಬಂದದ್ದು. ‘ಸೆಕ್ಟ’ ಎಂದರೆ ಅನುಯಾಯಿಗಳ ಪಂಗಡ. ಧಾರ್ಮಿಕ ಪಂಥಕ್ಕೆ ಹೇಳುವ ‘ಸೆಕ್ಟ್’ ಅದರ ಸೋದರ. ಹೊರಗಿನಿಂದ ಬಂದ ಈ ಪದ ಮನೆಯ ‘ಸೆಟ್’ ಜೊತೆ ಉಚ್ಚಾರದಲ್ಲಿ ಒಂದಾಗಿ, ‘ಒಟ್ಟಿಗೆ ಇರಿಸಿದ್ದು’ ಎಂಬ ಭಾವದಲ್ಲಿ ಅರ್ಧಂಬರ್ಧ ಕರಗಿಹೋಯಿತು. ಎರಡು ಮನೆತನಗಳ ಆಸ್ತಿಯನ್ನು ಒಂದೇ ಹೆಸರಿಗೆ ಬರೆದು ‘ಎಂಥ ಶ್ರೀಮಂತ’ ಎಂದು ಬೆರಗಾಗುವ ಕೆಲಸ ರಸಪ್ರಶ್ನೆಗಳಲ್ಲಿ ನಡೆಯುತ್ತಿದೆಯೆಂದರೆ ತಪ್ಪಾಗದು.

ಗಿನ್ನೆಸ್ ದಾಖಲೆ ಪುಸ್ತಕದ ಹಳೆಯ ಆವೃತ್ತಿಗಳಲ್ಲಿದ್ದ 194 ಇಂಥ ಒಟ್ಟು ಮೊತ್ತವೇ: ನಾಮಪದವಾಗಿ 58, ಕ್ರಿಯಾಪದವಾಗಿ 126, ವಿಶೇಷಣವಾಗಿ 10. ಆಕ್ಸ್‌ಫರ್ಡಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂದಾಗ ಅದರಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಕ್ರಿಯಾಪದದ್ದಾಗಿತ್ತು. ಸುಮಾರು 60,000 ಪದಗಳ ಆ ವಿವರಣೆಯಲ್ಲಿ ಬರಿಯ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ‘ಸೆಟ್ ಅಪ್’, ‘ಸೆಟ್ ಆಫ್’ ಮುಂತಾದ ಜೋಡುನುಡಿಗಳನ್ನೂ ಸೇರಿಸಿಕೊಂಡರೆ ಸುಮಾರು 580. ಆ ಎರಡು ಅಂಕಿಗಳ ನಡುವೆ ಜಗಳವೇನೂ ಇಲ್ಲ, ಬೇಲಿ ಎಲ್ಲಿ ಹಾಕಿದರು ಎಂಬುದಷ್ಟೇ ವ್ಯತ್ಯಾಸ. ಉಲ್ಲೇಖಿಸುವವರು ಬೇಲಿಯನ್ನು ಬಿಟ್ಟು ಅಂಕಿಯನ್ನಷ್ಟೇ ಹೊತ್ತುಕೊಂಡು ಬಂದರು.

ಮೂರನೆಯ ಆವೃತ್ತಿಯ ಪರಿಷ್ಕರಣೆ ಎಮ್ ಅಕ್ಷರದಿಂದ ಆರಂಭವಾಯಿತು. 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’ ಪರಿಷ್ಕಾರಗೊಂಡು ‘ಸೆಟ್’ ಅನ್ನು ಹಿಂದೆ ಹಾಕಿದವು. 2011ರಲ್ಲಿ ‘ರನ್’ 645 ಅರ್ಥಗಳೊಂದಿಗೆ ಮುಂದೆ ಬಂತು. ಆ ಒಂದು ಕ್ರಿಯಾಪದಕ್ಕಾಗಿ ಪೀಟರ್ ಗಿಲ್ಲಿವರ್ ಎಂಬ ಸಂಪಾದಕರು ಒಂಬತ್ತು ತಿಂಗಳು ದುಡಿದಿದ್ದರು. ಯಂತ್ರ, ಗಡಿಯಾರ, ರೈಲು, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ‘ಓಡ’ತೊಡಗಿದ ಮೇಲೆ ಆ ಪದ ಹಿಗ್ಗಿದ್ದು ನಿಜ. ಆದರೂ ಹೊಸದಾಗಿ ಅಳೆದ ಹೊಲವನ್ನು ಹಳೆಯ ಸರ್ವೆಯ ಹೊಲದೊಡನೆ ಹೋಲಿಸಿ ‘ಇದೇ ದೊಡ್ಡದು’ ಎಂದು ತೀರ್ಪು ಕೊಡುವುದರಲ್ಲಿ ಅವಸರವಿದೆ. ಅಂದಹಾಗೆ, ಚುನಾವಣೆಗೆ ಸ್ಪರ್ಧಿಸುವುದನ್ನು ಹೇಳುವಾಗ ಅಮೆರಿಕದವರು ‘ರನ್’ ಎಂದು ಓಡುತ್ತಾರೆ, ಬ್ರಿಟಿಷರು ‘ಸ್ಟ್ಯಾಂಡ್’ ಎಂದು ನಿಲ್ಲುತ್ತಾರೆ. ನಾವೂ ನಿಲ್ಲುವವರೇ.

ಕನ್ನಡಕ್ಕೆ ಬಂದ ‘ಸೆಟ್’ ಕಥೆ ನಿಘಂಟಿನ ಅಂಕಿಗಳಿಗಿಂತ ರುಚಿಯಾದದ್ದು. ಗಣಿತದ ಪಠ್ಯದಲ್ಲಿ ಅದಕ್ಕೆ ‘ಗಣ’ ಎಂಬ ಗೌರವಾನ್ವಿತ ಹೆಸರು ದೊರೆಯಿತು. ಶಿವನ ಪರಿವಾರಕ್ಕೂ ಛಂದಸ್ಸಿನ ಮಾತ್ರೆಗಳಿಗೂ ದುಡಿದಿದ್ದ ಪದ ಅದು. ಶಾಲೆಯ ಹೊರಗೆ ಮಾತ್ರ ‘ಸೆಟ್’ ಮೂಲರೂಪದಲ್ಲೇ ಉಳಿಯಿತು. ಮೋಟಾರೂ ಪಂಪೂ ಸೇರಿ ಪಂಪ್‌ಸೆಟ್ಟಾಗಿ, ವಿದ್ಯುತ್ ಇಲಾಖೆಯ ಬಾಯಲ್ಲಿ ‘ಐಪಿ ಸೆಟ್’ ಆಯಿತು. ಇದು ಲ್ಯಾಟಿನ್ ಮನೆತನದ್ದು. ತಾರಸಿ ಹಾಕಿದ ಮೇಸ್ತ್ರಿ ‘ಸೆಟ್ ಆಗಲಿ, ಆಮೇಲೆ ನೀರು ಕಟ್ಟಿ’ ಎನ್ನುವಾಗ ಬರುವುದು ‘ಕೂರು’ ಮನೆತನದ್ದು. ಅದು ನಮ್ಮ ‘ಸೆಟೆ’ ಎಂಬ ಕ್ರಿಯಾಪದಕ್ಕೆ ಎಷ್ಟು ಹತ್ತಿರ ಕೇಳಿಸಿದರೂ ಆ ಹೋಲಿಕೆ ಬರಿಯ ಆಕಸ್ಮಿಕ. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಈ ಎರಡೂ ಮನೆಗೆ ಸೇರದು, ಅದು ಮೊದಲಕ್ಷರಗಳ ಕೂಸು.

ಸಿನಿಮಾ ವರದಿಗಾರರು ‘ಚಿತ್ರ ಸೆಟ್ಟೇರಿದೆ’ ಎಂದು ಬರೆದರು. ಸಿಂಹಾಸನ ಏರು, ಹಸೆಮಣೆ ಏರು ಎಂಬ ಸಾಲಿನಲ್ಲಿ ಚಿತ್ರೀಕರಣದ ಸೆಟ್ಟೂ ಏರುವ ಜಾಗವಾಯಿತು. ಇಂಗ್ಲಿಷಿನವನಿಗೆ ಇದನ್ನು ಪದಕ್ಕೆ ಪದ ಹೇಳಿದರೆ ಅರ್ಥವೇ ಆಗದು. ಹಾಗೆಯೇ ‘ಆ ಬಣ್ಣ ನಿನಗೆ ಸೆಟ್ ಆಗಲ್ಲ’, ‘ಅವರಿಬ್ಬರಿಗೆ ಸೆಟ್ಟಾಗಿಲ್ಲ’ ಎಂಬಲ್ಲಿನ ‘ಹೊಂದು’ ಎಂಬ ಅರ್ಥ ನಮ್ಮ ಕಡೆಯ ಬೆಳೆ. ಇಂಥ ಮಾತನ್ನು ಕೆಟ್ಟ ಇಂಗ್ಲಿಷ್ ಎಂದೋ ಕೆಟ್ಟ ಕನ್ನಡ ಎಂದೋ ತಳ್ಳಿಹಾಕುವ ರೂಢಿಯಿದೆ. ಚೀಟಿ ಬರೆಯುವವರಿದ್ದರೆ ಇದಕ್ಕೂ ಒಂದು ಗುಡ್ಡೆ ಬೇಕಾಗುತ್ತಿತ್ತು.

ಹೊಸ ಅರ್ಥ ಹುಟ್ಟುವುದನ್ನು ಕಣ್ಣಾರೆ ಕಾಣಬೇಕಾದರೆ ಬೆಂಗಳೂರಿನ ಯಾವುದಾದರೂ ದರ್ಶಿನಿಗೆ ಬೆಳಿಗ್ಗೆ ಹೋದರೆ ಸಾಕು. ಸೆಟ್ ದೋಸೆಗೆ ಆ ಹೆಸರು ಬಂದದ್ದು ಒಂದರ ಮೇಲೊಂದು ಪೇರಿಸಿ ಮೂರನ್ನು ಒಟ್ಟಿಗೆ ಕೊಡುತ್ತಿದ್ದುದರಿಂದ. ಈಗ ಕೌಂಟರಿನಲ್ಲಿ ‘ಒಂದು ಸಿಂಗಲ್ ಸೆಟ್ ದೋಸೆ’ ಎಂದು ಕೇಳುವವರಿದ್ದಾರೆ. ಚೀಟಿ ಹರಿಯುವವನು ತಲೆಯೆತ್ತಿ ನೋಡುವುದೂ ಇಲ್ಲ, ಕಾವಲಿಯ ಮೇಲಿಂದ ಮೆತ್ತಗಿನ, ಮೈತುಂಬ ತೂತುಗಳ ಒಂದೇ ದೋಸೆ ಸಾಗುವಿನೊಡನೆ ತಟ್ಟೆಗೆ ಬರುತ್ತದೆ.