ಪದ ಪರಿಚಯ: ರೇಕ್

ಒಂದೇ ಜಾತಿಯ ವ್ಯಾಗನ್‌ಗಳನ್ನು ಜೋಡಿಸಿ ಒಟ್ಟಿಗೆ ಓಡಿಸುವ ಇಡೀ ಸಾಲಿಗೆ ರೇಕ್ ಎನ್ನುತ್ತಾರೆ. ದಾವಣಗೆರೆ ಮಂಡಿಪೇಟೆಯ ಸಗಟು ವ್ಯಾಪಾರಿ ‘ಲಾರಿ ಬಾಡಿಗೆ ಏರಿತು, ಸಕ್ಕರೆ ರೈಲಲ್ಲಿ ತರಿಸೋಣ’ ಎಂದು ಹೊರಟರೆ ಮೊದಲು ಅಡ್ಡ ಬರುವುದು ಇದೇ. ಲಾರಿಯವರು ಒಂದು ಲೋಡಿಗೂ ಬರುತ್ತಾರೆ. ರೈಲ್ವೆಯ ಸರಕು ಸಾಗಣೆ ನಡೆಯುವುದು ಹೆಚ್ಚಾಗಿ ರೇಕ್ ಲೆಕ್ಕದಲ್ಲಿ.

ಚೀಲದ ಸರಕಿಗೆ ಮುಚ್ಚಿದ ವ್ಯಾಗನ್ ಬೇಕು. ಬಿಸಿಎನ್‌ಎಚ್‌ಎಲ್ ಎಂಬ ಬಗೆಯ ಪೂರ್ತಿ ರೇಕಿನಲ್ಲಿ 58 ವ್ಯಾಗನ್ ಇರುತ್ತವೆ. ವ್ಯಾಗನ್ನಿಗೆ 64 ಟನ್ ಹಿಡಿದರೂ ಒಟ್ಟು 3,700 ಟನ್ ದಾಟುತ್ತದೆ. ಅಂದರೆ 50 ಕಿಲೋದ 74,000 ಚೀಲ, 16 ಟನ್ ಹೊರುವ ಲಾರಿಗೆ 230ಕ್ಕೂ ಹೆಚ್ಚು ಲೋಡು. ಇಷ್ಟನ್ನು ಒಂದೇ ಸಲ ಇಳಿಸಿಕೊಳ್ಳುವ ಕಿರಾಣಿ ವ್ಯಾಪಾರಿ ಯಾರಿದ್ದಾರೆ? ಗೊಬ್ಬರ, ಸಿಮೆಂಟು, ಪಡಿತರ ಧಾನ್ಯ ರೈಲು ಹತ್ತುವುದು, ಬಿಸ್ಕತ್ತು, ಸೋಪು ಲಾರಿಯಲ್ಲೇ ಉಳಿಯುವುದು ಇದೇ ಕಾರಣಕ್ಕೆ. ಹಗುರ ಸರಕಿಗೆ ಇನ್ನೊಂದು ತೊಡಕು: ವ್ಯಾಗನ್ ಜಾಗದಲ್ಲಿ ತುಂಬಿದರೂ ತೂಕದಲ್ಲಿ ತುಂಬದು, ಬಾಡಿಗೆ ಮಾತ್ರ ನಿಗದಿಯಾದ ಕನಿಷ್ಠ ತೂಕಕ್ಕೇ ಕಟ್ಟಬೇಕು.

ಸಣ್ಣ ದಾರಿಗಳೂ ಇವೆ. 20 ವ್ಯಾಗನ್ನಿನ ಮಿನಿ ರೇಕ್ ಒಂದು. ಅರ್ಧ ಒಂದು ನಿಲ್ದಾಣದಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇಳಿಸುವ ಎರಡು ಪಾಯಿಂಟಿನ ರೇಕ್ ಇನ್ನೊಂದು. ಎರಡಕ್ಕೂ ದೂರದ ಷರತ್ತುಗಳಿವೆ. ಪ್ಯಾಸೆಂಜರ್ ಗಾಡಿಗೆ ಸೇರಿಸುವ ಪಾರ್ಸೆಲ್ ವ್ಯಾನ್ 23 ಟನ್ನಿನಷ್ಟು ಹಿಡಿಯುತ್ತದೆ. ಆದರೆ ದಾವಣಗೆರೆಯಲ್ಲಿ ಗಾಡಿ ನಿಲ್ಲುವುದೇ ಕೆಲವು ನಿಮಿಷ. ಅಷ್ಟರಲ್ಲಿ 23 ಟನ್ ಇಳಿಸಲಾಗದು, ವ್ಯಾನನ್ನು ಕಳಚಿ ಬಿಡುವ ವ್ಯವಸ್ಥೆ ಇರಬೇಕು.

ಕ್ರಮ ಹೀಗಿದೆ. ಹಲವು ವ್ಯಾಪಾರಿಗಳ ಬೇಡಿಕೆಯನ್ನು ಒಬ್ಬರು ಒಟ್ಟುಗೂಡಿಸಿ, ರೈಲ್ವೆಗೆ ಇಂಡೆಂಟ್, ಅಂದರೆ ವ್ಯಾಗನ್ ಬೇಡಿಕೆ ಪತ್ರ ಹಾಕಿ, ನೋಂದಣಿ ಹಣ ಕಟ್ಟುತ್ತಾರೆ. ಲೋಡಾದ ಮೇಲೆ ರೈಲ್ವೆ ರಸೀದಿ, ಅಂದರೆ ಆರ್‌ಆರ್ ಸಿಗುತ್ತದೆ. ಮಾಲು ಬಿಡಿಸಿಕೊಳ್ಳುವ ಹಕ್ಕು ಆರ್‌ಆರ್ ಇದ್ದವರದು, ಆದ್ದರಿಂದ ಯಾರ ಹೆಸರಿಗೆ ಎಂಬುದನ್ನು ಇಂಡೆಂಟಿಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಬೇಕು. ಪಾಲುದಾರರ ಜಗಳ ಹುಟ್ಟುವುದು ಬಹುಮಟ್ಟಿಗೆ ಇಲ್ಲೇ.

ಉಳಿತಾಯ ಸೋರಿಹೋಗುವುದು ಹಳಿಯ ಮೇಲಲ್ಲ, ಎರಡು ತುದಿಗಳಲ್ಲಿ. ಲಾರಿಯಲ್ಲಾದರೆ ಒಮ್ಮೆ ಏರಿಸಿ ಒಮ್ಮೆ ಇಳಿಸಿದರೆ ಮುಗಿಯಿತು. ರೈಲಿನಲ್ಲಿ ಗೋದಾಮಿನಿಂದ ಲಾರಿಗೆ, ಲಾರಿಯಿಂದ ವ್ಯಾಗನ್ನಿಗೆ, ಅಲ್ಲಿಂದ ಮತ್ತೆ ಲಾರಿಗೆ, ಕೊನೆಗೆ ಗೋದಾಮಿಗೆ. ಹಮಾಲಿ ದುಪ್ಪಟ್ಟು, ಕೊಕ್ಕೆಗೆ ಹರಿಯುವ ಚೀಲವೂ ಹೆಚ್ಚು. ರೇಕ್ ಬಂದು ನಿಂತ ಮೇಲೆ ಇಳಿಸಲು ಇಂತಿಷ್ಟು ಗಂಟೆ ಬಿಟ್ಟಿ ಅವಧಿ, ಮೀರಿದರೆ ಡೆಮರೇಜ್ ಎಂಬ ದಂಡ. ಅದು ವ್ಯಾಗನ್ನಿಗಿಷ್ಟು, ಗಂಟೆಗಿಷ್ಟು. ಗಂಟೆಯ ತುಣುಕೂ ಪೂರ್ತಿ ಗಂಟೆಯೇ. ಇಳಿಸಿದ ಮಾಲು ಶೆಡ್ಡಿನಲ್ಲೇ ಉಳಿದರೆ ಆ ಜಾಗಕ್ಕೆ ವಾರ್ಫೇಜ್ ಎಂಬ ಶುಲ್ಕ ಬೇರೆ. ರೇಕ್ ನಡುರಾತ್ರಿಯೂ ಬರಬಹುದು, ಹಬ್ಬದ ದಿನವೂ ಬರಬಹುದು. ಹಮಾಲರ ಮೇಸ್ತ್ರಿಯೊಂದಿಗೆ ಮೊದಲೇ ಮಾತಾಡಿಕೊಳ್ಳದೆ, ಗೋದಾಮಿಗೆ ಓಡಾಡುವ ಲಾರಿಗಳನ್ನು ಗೊತ್ತುಮಾಡದೆ ರೇಕ್ ತರಿಸುವುದು ಜೂಜು. ಮಳೆಗಾಲದಲ್ಲಿ ಲೋಡಿಗೆ ಮುಂಚೆ ವ್ಯಾಗನ್ ಒಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಬೇಕು: ಬೆಳಕು ತೂರಿದ ಕಡೆ ನೀರೂ ಬರುತ್ತದೆ. ಬಾಗಿಲ ಸಂದಿಗೆ ತಾಡಪಾಲು ಕೊಡದಿದ್ದರೆ ಬಾಗಿಲ ಬಳಿಯ ಚೀಲಗಳೇ ಮೊದಲು ನೆನೆಯುವುದು.

ದೂರದ ಲೆಕ್ಕವೂ ಇದೆ. ರೈಲ್ವೆ 100 ಕಿ.ಮೀ.ಗಿಂತ ಹತ್ತಿರದ ಊರಿಗೂ ಸಾಮಾನ್ಯವಾಗಿ 100 ಕಿ.ಮೀ. ಬಾಡಿಗೆಯನ್ನೇ ಹಿಡಿಯುತ್ತದೆ. ಬೆಂಗಳೂರಿನಿಂದ ಹೆದ್ದಾರಿ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ನೇರ ದಾವಣಗೆರೆಗೆ ಬರುತ್ತದೆ. ರೈಲು ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿಕೊಂಡು ಸುಮಾರು 60 ಕಿ.ಮೀ. ಹೆಚ್ಚು ಓಡುತ್ತದೆ. ಚಿತ್ರದುರ್ಗ ಆ ದಾರಿಯಲ್ಲೂ ಇಲ್ಲ, ಚಿಕ್ಕಜಾಜೂರಿನಿಂದ ಒಡೆಯುವ ಬಳ್ಳಾರಿ ಕವಲಿನಲ್ಲಿದೆ. ಆದ್ದರಿಂದ ಬೆಂಗಳೂರಿನ ಮಾಲಿಗೆ ಲಾರಿಯೇ ಸರಿ. ರೇಕಿನ ವಿಚಾರ ಮಾಡಬೇಕಾದದ್ದು ಪಂಜಾಬಿನ ಗೋಧಿ, ಗುಜರಾತಿನ ಉಪ್ಪಿನಂಥ ಸಾವಿರ ಕಿ.ಮೀ. ಆಚೆಯ ಸರಕಿಗೆ.