ರಾತ್ರಿಯ ಎರಡು ಗಂಟೆಯಲ್ಲಿ ಟೆಲಿಫೋನ್ ತಂತ್ರಾಂಶ ಬರೆಯಬಹುದೇ?

ಪ್ರಶ್ನೆ: ಹಗಲು ಬ್ಯಾಂಕಿಂಗ್ ತಂತ್ರಾಂಶದ ಕೆಲಸ ಮಾಡುತ್ತೇನೆ. ರಾತ್ರಿ ಊಟವಾದ ಮೇಲೆ ಎರಡು ಗಂಟೆ ನನ್ನದು. ಓಪನ್ ಸೋರ್ಸ್ ಟೆಲಿಫೋನ್ ತಂತ್ರಾಂಶಕ್ಕೆ, ಅದರಲ್ಲೂ ಸಿಗ್ನಲಿಂಗ್ ಭಾಗಕ್ಕೆ, ಕೈಜೋಡಿಸುವ ಆಸೆಯಿದೆ. ಆದರೆ ನನ್ನ ಬಳಿ ಎಕ್ಸ್‌ಚೇಂಜೂ ಇಲ್ಲ, ಬೆನ್ನಿಗೆ ಕಂಪನಿಯೂ ಇಲ್ಲ. ಇದು ಒಬ್ಬನ ಕೈಲಾಗುವ ಕೆಲಸವೇ?

ಉತ್ತರ: ಖಂಡಿತ ಆಗುತ್ತದೆ. ಆದರೆ ಎಲ್ಲಿಂದ ಶುರು ಮಾಡುತ್ತೀರಿ ಎಂಬುದು ಮುಖ್ಯ.

ಒಂದು ಫೋನ್ ಕರೆಯಲ್ಲಿ ಎರಡು ಮಾತುಕತೆ ನಡೆಯುತ್ತಿರುತ್ತವೆ. ಒಂದು ಮನುಷ್ಯರದು. ಇನ್ನೊಂದು ಯಂತ್ರಗಳದು: ಈ ಸಂಖ್ಯೆ ಬೇಕು, ಗಂಟೆ ಹೊಡೆಯುತ್ತಿದೆ, ಎತ್ತಿದರು, ಇಟ್ಟರು. ಈ ಎರಡನೆಯದೇ ಸಿಗ್ನಲಿಂಗ್. ಹೊಸಬರು ಸಾಮಾನ್ಯವಾಗಿ ಸಂದೇಶ ಕಳುಹಿಸುವ ಕೋಡನ್ನು ಬರೆದು, ಮೊದಲ ಕರೆ ಸೇರಿದೊಡನೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ಇರುವುದು ಉತ್ತರ ಬಾರದಿದ್ದಾಗ ಏನು ಮಾಡಬೇಕು ಎಂಬಲ್ಲಿ.

ನನ್ನದೇ ಅನುಭವ ಹೇಳುತ್ತೇನೆ. ಹಳೆಯ ಎರಡು ಕಂಪ್ಯೂಟರ್, ಸೆಕೆಂಡ್ ಹ್ಯಾಂಡ್ ಕೊಂಡ ಎರಡು ಇ1 ಕಾರ್ಡ್ (ಇ1 ಎಂದರೆ ಹಲವು ಕರೆಗಳನ್ನು ಒಟ್ಟಿಗೆ ಹೊರುವ ಡಿಜಿಟಲ್ ಟೆಲಿಫೋನ್ ಲೈನ್), ನಡುವೆ ನಾನೇ ಕ್ರಿಂಪ್ ಮಾಡಿದ ಒಂದು ಕೇಬಲ್. ಒಂದು ತುದಿಯ 1 ಮತ್ತು 2ನೆಯ ಪಿನ್ನುಗಳು ಇನ್ನೊಂದು ತುದಿಯ 4 ಮತ್ತು 5ಕ್ಕೆ, ಇದರ 4 ಮತ್ತು 5 ಅದರ 1 ಮತ್ತು 2ಕ್ಕೆ ಹೋಗಬೇಕು, ಅಷ್ಟೇ. ಒಂದು ಯಂತ್ರ ಎಕ್ಸ್‌ಚೇಂಜಿನ ಪಾತ್ರ ವಹಿಸುತ್ತದೆ, ಇನ್ನೊಂದು ಗ್ರಾಹಕನ ಪಾತ್ರ. ಇ1 ಲೈನಿನಲ್ಲಿ 32 ಕಾಲಖಂಡಗಳಿವೆ (ಟೈಮ್‌ಸ್ಲಾಟ್). 0ನೆಯದು ಹೊಂದಾಣಿಕೆಗೆ, 16ನೆಯದು ಸಿಗ್ನಲಿಂಗಿಗೆ, ಉಳಿದ 30 ಧ್ವನಿಗೆ. ನಿಮಗೆ ಇಲ್ಲವಾಗಿದ್ದ ಎಕ್ಸ್‌ಚೇಂಜ್ ಇದೇ.

ಈ ಲೈನಿನಲ್ಲಿ ನಾನು ಬಳಸಿದ ಸಿಗ್ನಲಿಂಗಿನ ನಿಯಮಗಳು ಕ್ಯೂ.931 ಎಂಬ ಶಿಷ್ಟತೆಯಲ್ಲಿವೆ (ಸ್ಟ್ಯಾಂಡರ್ಡ್). ಅದರ ಪ್ರಕಾರ ಕರೆ ಮುಗಿಸುವಾಗ 'ರಿಲೀಸ್' ಕಳುಹಿಸಿದ ಯಂತ್ರ 'ರಿಲೀಸ್ ಕಂಪ್ಲೀಟ್' ಬರುವುದನ್ನು ಕಾಯುತ್ತದೆ. ಕಾಯುವ ಅವಧಿಗೆ ಟಿ308 ಎಂಬ ಟೈಮರ್ ಇದೆ, ಸಾಮಾನ್ಯವಾಗಿ 4 ಸೆಕೆಂಡು. ಉತ್ತರ ಬಾರದಿದ್ದರೆ ರಿಲೀಸನ್ನು ಇನ್ನೊಮ್ಮೆ ಕಳುಹಿಸಬೇಕು. ಆಗಲೂ ಬಾರದಿದ್ದರೆ ಆ ಕರೆಯ ಧ್ವನಿ ಖಂಡವನ್ನು, ಅಂದರೆ ಚಾನೆಲ್ಲನ್ನು, ದುರಸ್ತಿಯ ಸ್ಥಿತಿಯಲ್ಲಿ ಬದಿಗಿಟ್ಟು, ಕರೆಯ ಗುರುತನ್ನು ಅಳಿಸಬೇಕು. ನಾನು ಈ ಟೈಮರನ್ನು ಬರೆದೇ ಇರಲಿಲ್ಲ. ಎದುರಿನ ಯಂತ್ರ ಆಗೊಮ್ಮೆ ಈಗೊಮ್ಮೆ ಬೇಕೆಂದೇ ಉತ್ತರ ಕೊಡದಂತೆ ಮಾಡಿ, ರಾತ್ರಿಯಿಡೀ ಕರೆಗಳನ್ನು ಓಡಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ 30ರಲ್ಲಿ 11 ಚಾನೆಲ್ಲುಗಳು ಬಿಜಿ. ಒಂದರಲ್ಲೂ ಮಾತಿಲ್ಲ. ಎಂದೂ ಬಾರದ ಉತ್ತರಕ್ಕಾಗಿ ನನ್ನ ಕೋಡ್ ಕಾಯುತ್ತ ಕುಳಿತಿತ್ತು. ಮೊದಲ ಕರೆ ಸೇರಿದ ದಿನಕ್ಕಿಂತ ಆ ಬೆಳಗ್ಗೆ ನಾನು ಹೆಚ್ಚು ಕಲಿತೆ.

ಇ1 ಕಾರ್ಡ್ ಸಿಗದಿದ್ದರೂ ಚಿಂತೆಯಿಲ್ಲ. ಇಂಟರ್ನೆಟ್ ಫೋನುಗಳು ಬಳಸುವ ಸಿಪ್ ಎಂಬ ಸಿಗ್ನಲಿಂಗಿಗೆ ಒಂದು ಲ್ಯಾಪ್‌ಟಾಪ್ ಸಾಕು. 'ಕರೆ ಸರಿಯಾಗಿ ಅರ್ಧ ನಿಮಿಷಕ್ಕೆ ಕಡಿಯುತ್ತದೆ' ಎಂಬ ದೂರನ್ನು ನೀವು ಕೇಳಿರಬಹುದು. ಅದರ ಹಿಂದಿರುವುದೂ ಬಾರದ ಉತ್ತರವೇ. ಫೋನ್ ಎತ್ತಿದ ಕಡೆಯಿಂದ '200 ಓಕೆ' ಎಂಬ ಸಂದೇಶ ಹೊರಡುತ್ತದೆ, ಅದು ತಲುಪಿತು ಎನ್ನಲು ಕರೆ ಮಾಡಿದ ಕಡೆಯಿಂದ 'ಆಕ್' ಬರಬೇಕು. ನಡುವಿನ ರೂಟರಿನ ತಪ್ಪಿನಿಂದಲೋ ಸಂದೇಶದಲ್ಲಿ ನಮೂದಿಸಿದ ವಿಳಾಸದ ತಪ್ಪಿನಿಂದಲೋ ಆಕ್ ತಲುಪುವುದಿಲ್ಲ. ಓಕೆ ಅರ್ಧ ಸೆಕೆಂಡಿನ ನಂತರ ಮತ್ತೆ ಹೋಗುತ್ತದೆ, ಆಮೇಲೆ 1 ಸೆಕೆಂಡು ಬಿಟ್ಟು, 2 ಬಿಟ್ಟು, 4 ಬಿಟ್ಟು. ಅಲ್ಲಿಂದ ಮುಂದೆ 4 ಸೆಕೆಂಡಿಗೊಮ್ಮೆ. ಧ್ವನಿ ಬೇರೆ ದಾರಿಯಲ್ಲಿ ಹರಿಯುವುದರಿಂದ ಇಬ್ಬರೂ ಆರಾಮವಾಗಿ ಮಾತಾಡುತ್ತಲೇ ಇರುತ್ತಾರೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಳೆದರೂ ಆಕ್ ಬಾರದಿದ್ದರೆ ಯಂತ್ರ ಕರೆಯನ್ನು ಕಡಿಯುತ್ತದೆ.

ಒಬ್ಬಿಬ್ಬರಿಂದ ಶುರುವಾದ ಕೆಲಸ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಉದಾಹರಣೆಗಳಿವೆ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ತನ್ನ ಪುಟ್ಟ ಕಂಪನಿಗೆ ಕಚೇರಿಯ ಎಕ್ಸ್‌ಚೇಂಜ್ ಕೊಳ್ಳಲು ಹಣ ಸಾಲದೆ ತಾನೇ ಬರೆಯತೊಡಗಿದ್ದು ಆಸ್ಟರಿಸ್ಕ್. 2008ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹ್ಯಾಕರ್ ಸಮ್ಮೇಳನವೊಂದರಲ್ಲಿ ಹೆರಾಲ್ಡ್ ವೆಲ್ಟೆ ಮತ್ತು ಡೀಟರ್ ಸ್ಪಾರ್ ಸೈಮೆನ್ಸ್‌ನ ಹಳೆಯ ಬಿಎಸ್-11 ಮೊಬೈಲ್ ಕೇಂದ್ರವೊಂದನ್ನು (ಬೇಸ್ ಸ್ಟೇಷನ್) ಇ1 ಲೈನಿನ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ ಸ್ವಂತ ಜಿಎಸ್‌ಎಂ ಮೊಬೈಲ್ ಜಾಲ ನಡೆಸಿ ತೋರಿಸಿದರು. ಅದೇ ಮುಂದೆ ಓಸ್ಮೋಕಾಮ್ ಎಂಬ ದೊಡ್ಡ ಯೋಜನೆಯಾಗಿ ಬೆಳೆಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆರ್2 ಎಂಬ ಹಳೆಯ ಬಗೆಯ ಸಿಗ್ನಲಿಂಗಿನ ಕಥೆ. ಇದರಲ್ಲಿ ಪ್ರತಿ ಅಂಕಿಯೂ ಎರಡು ಸ್ವರಗಳ ಜೋಡಿ. ಆರು ಆವರ್ತನಗಳಿಂದ ಎರಡೆರಡನ್ನು ಆರಿಸಿದರೆ 15 ಸಂಕೇತಗಳು ಸಿಗುತ್ತವೆ. ಕರೆ ಮಾಡುವ ಕಡೆ ಒಂದು ಸ್ವರಜೋಡಿ ಹಿಡಿದು ನಿಲ್ಲುತ್ತದೆ. ಎದುರಿನಿಂದ ಮರುಸ್ವರ ಕೇಳುವ ತನಕ ಬಿಡುವುದಿಲ್ಲ. ಮರುಸ್ವರ ಕೇಳಿದ ಮೇಲೆ ಇದು ನಿಲ್ಲುತ್ತದೆ, ಇದು ನಿಂತದ್ದನ್ನು ಕಂಡು ಅದೂ ನಿಲ್ಲುತ್ತದೆ. ಆಮೇಲೆ ಮುಂದಿನ ಅಂಕಿ. ತೊಡಕೆಂದರೆ ದೇಶಕ್ಕೊಂದು ಆರ್2. ಕರೆ ಮಾಡಿದವರ ಸಂಖ್ಯೆಯನ್ನು ಕೇಳುವ ರೀತಿಯೇ ಮೆಕ್ಸಿಕೋದಲ್ಲಿ ಬೇರೆ, ಬ್ರೆಜಿಲಿನಲ್ಲಿ ಬೇರೆ. ಮೊಯಿಸೆಸ್ ಸಿಲ್ವಾ ಬರೆದ ಓಪನ್‌ಆರ್2 ಲೈಬ್ರರಿ ಇಂಥ ಹಲವು ದೇಶಗಳ ರೂಪಗಳನ್ನು ಅರಿತಿದೆ. ಆಸ್ಟರಿಸ್ಕ್ 1.6.2ರಿಂದ ಅದನ್ನು ನೇರವಾಗಿ ಬಳಸುತ್ತದೆ. ಇಂಥ ಕೆಲಸಕ್ಕೆ ಆಯಾ ದೇಶದ ನಿಜವಾದ ಲೈನಿನಲ್ಲಿ ಹಿಡಿದ ಲಾಗ್, ಅಂದರೆ ಹೋಗಿಬಂದ ಸಂಕೇತಗಳ ದಾಖಲೆ, ಬೇಕೇ ಬೇಕು. ಒಂದು ಸಾಲು ಕೋಡನ್ನೂ ಬರೆಯದೆ ಲಾಗ್ ಹಿಡಿದು ಕಳುಹಿಸುವವರಿಗೂ ಇಲ್ಲಿ ದೊಡ್ಡ ಸ್ಥಾನವಿದೆ.

ಪುರುಸೊತ್ತಿನಲ್ಲಿ ದುಡಿಯುವವರಿಗೆ ಈ ಕ್ಷೇತ್ರ ಇನ್ನೊಂದು ಕಾರಣಕ್ಕೆ ಒಗ್ಗುತ್ತದೆ: ಶಿಷ್ಟತೆಗಳು ಬೇಗ ಬದಲಾಗುವುದಿಲ್ಲ. ಮೂರು ತಿಂಗಳು ಮುಟ್ಟದೆ ಬಿಟ್ಟು ಮರಳಿದರೂ ಟಿ308 ಅಲ್ಲೇ ಇರುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುನ ಕ್ಯೂ ಸರಣಿಯ ದಾಖಲೆಗಳು ಉಚಿತವಾಗಿ ಸಿಗುತ್ತವೆ. ಸಿಪ್‌ನ ಶಿಷ್ಟತೆಯಾದ ಆರ್‌ಎಫ್‌ಸಿ 3261 ಕೂಡ ಹಾಗೆಯೇ. ಸಂದೇಶಗಳನ್ನು ಬಿಡಿಸಿ ನೋಡಲು ವೈರ್‌ಶಾರ್ಕ್, ಕೃತಕ ಕರೆಗಳನ್ನು ಹುಟ್ಟಿಸಲು ಸಿಪ್‌ಪಿ ಇವೆ.

ಎರಡು ಎಚ್ಚರಿಕೆಗಳು. ಪರವಾನಗಿಯಿಲ್ಲದೆ ಮೊಬೈಲ್ ತರಂಗಾಂತರದಲ್ಲಿ ಪ್ರಸಾರ ಮಾಡುವುದು ಅಪರಾಧ. ಜಿಎಸ್‌ಎಂ ಕಲಿಯುವ ಆಸೆಯಿದ್ದರೆ ರೇಡಿಯೋ ಇಲ್ಲದೆ ಕಂಪ್ಯೂಟರಿನೊಳಗೇ ನಡೆಯುವ ಓಸ್ಮೋಕಾಮ್‌ನ ಕೃತಕ ಕೇಂದ್ರವನ್ನು ಬಳಸಿ. ಹಾಗೆಯೇ ನೌಕರಿಯ ಕರಾರನ್ನು ಇನ್ನೊಮ್ಮೆ ಓದಿ. ಮನೆಯಲ್ಲಿ ಬರೆದ ಕೋಡಿನ ಮೇಲೂ ಹಕ್ಕು ಹೇಳುವ ಕರಾರುಗಳಿರುತ್ತವೆ, ಹಾಗಿದ್ದರೆ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ.

ಮೊದಲ ರಾತ್ರಿ ಇಷ್ಟು ಮಾಡಿ. ಲ್ಯಾಪ್‌ಟಾಪಿನಲ್ಲಿ ಆಸ್ಟರಿಸ್ಕ್ ಹಾಕಿಕೊಳ್ಳಿ. ಸಿಪ್‌ಪಿಯಿಂದ ಕರೆ ಮಾಡಿಸಿ, ಆದರೆ ಅದರ ಕಡತದಲ್ಲಿ ಆಕ್ ಕಳುಹಿಸುವ ಭಾಗವನ್ನು ಅಳಿಸಿಬಿಡಿ. ಪಕ್ಕದಲ್ಲಿ ವೈರ್‌ಶಾರ್ಕ್ ತೆರೆದು, ಓಕೆಗಳು ಒಂದೊಂದಾಗಿ ಹೊರಡುವುದನ್ನು ಗಡಿಯಾರ ಹಿಡಿದು ಎಣಿಸಿ. ಮುಂದೊಂದು ದಿನ ನಿಜವಾದ ದೋಷ ಸಿಕ್ಕಾಗ ಇಂಥದೇ ಲಾಗನ್ನು ಯೋಜನೆಯವರಿಗೆ ಕಳುಹಿಸುತ್ತೀರಿ. ಕಳುಹಿಸುವ ಮುನ್ನ ಅದರಲ್ಲಿರುವ ಜನರ ಫೋನ್ ಸಂಖ್ಯೆಗಳನ್ನು ಮರೆಮಾಡಿ, ಸಮಯದ ಗುರುತುಗಳನ್ನು ಮಾತ್ರ ಮುಟ್ಟಬೇಡಿ.