ಕೊಡಗಿನ ಮಳೆಗಾಲ ಮತ್ತು ಕೈತೋಟದ ಬಿತ್ತನೆ ಬೀಜ: ಅಧ್ಯಯನ ಟಿಪ್ಪಣಿ

ಬೀಜದ ಆಯಸ್ಸು ಎಷ್ಟು ಅಂತ ಕೇಳಿದರೆ ಪುಸ್ತಕಗಳು ಒಂದು ಪಟ್ಟಿ ಕೊಡುತ್ತವೆ. ಈರುಳ್ಳಿ 1 ವರ್ಷ, ಮೆಣಸಿನಕಾಯಿ ಮತ್ತು ಬೆಂಡೆ 2, ಬೀನ್ಸ್ 3, ಬದನೆ, ಟೊಮೆಟೊ, ಕುಂಬಳ ಸುಮಾರು 4, ಸೌತೆ 5. ಪರೀಕ್ಷೆಗೆ ಇಷ್ಟು ನೆನಪಿಟ್ಟರೆ ಸಾಕು. ಆದರೆ ಇದು ತಂಪಾದ, ಒಣ ಜಾಗದಲ್ಲಿಟ್ಟ ಬೀಜದ ಲೆಕ್ಕ. ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಪೇನೋ ಸಿಗುತ್ತದೆ, ಒಣ ಜಾಗ ಎಲ್ಲಿಂದ ತರೋದು? ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು. ಹಾಗಾಗಿ ನಮಗೆ ವರ್ಷಕ್ಕಿಂತ ತೇವದ ಲೆಕ್ಕವೇ ಮುಖ್ಯ.

ಒಣ ಬೀಜವೂ ನಿಧಾನವಾಗಿ ಉಸಿರಾಡುತ್ತಿರುತ್ತದೆ. ಒಳಗೆ ತೇವ ಹೆಚ್ಚಿದಷ್ಟೂ ಉಸಿರಾಟ ಜೋರಾಗುತ್ತದೆ, ಕೂಡಿಟ್ಟ ಆಹಾರ ಕರಗುತ್ತದೆ. ತೆರೆದಿಟ್ಟ ಬೀಜ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಾರ್ಚ್‌ನಲ್ಲಿ ಚೆನ್ನಾಗಿ ಒಣಗಿಸಿದ ಅಲಸಂದೆಯನ್ನು ಸುಮ್ನೆ ಪೇಪರ್ ಕವರಿನಲ್ಲಿಟ್ಟರೆ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆ ಮುಗಿಯುವಷ್ಟರಲ್ಲಿ ಅದು ಒಣ ಬೀಜವಾಗಿ ಉಳಿದಿರುವುದಿಲ್ಲ.

ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೀಜದ ತೇವಾಂಶ ಶೇ 1ರಷ್ಟು ಇಳಿದಾಗಲೆಲ್ಲ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಉಷ್ಣಾಂಶ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೂ ಹಾಗೆಯೇ. ಶೇ 14 ಇದ್ದ ತೇವವನ್ನು ಶೇ 10ಕ್ಕೆ ಇಳಿಸಿದರೆ ನಾಲ್ಕು ಸಲ ದ್ವಿಗುಣ, ಅಂದರೆ 16 ಪಟ್ಟು! ಶೇ 5ರಿಂದ 14ರ ನಡುವೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಇನ್ನೊಂದು ಸೂತ್ರವೂ ಇದೆ: ಫ್ಯಾರನ್‌ಹೀಟ್‌ನಲ್ಲಿ ಉಷ್ಣಾಂಶ ಮತ್ತು ಗಾಳಿಯ ತೇವದ ಶೇಕಡಾ, ಎರಡನ್ನೂ ಕೂಡಿದರೆ 100 ದಾಟಬಾರದು. ಮಳೆಗಾಲದ ಮಡಿಕೇರಿಯಲ್ಲಿ 20 ಡಿಗ್ರಿ ಸೆಲ್ಸಿಯಸ್ ಅಂದರೆ 68, ಗಾಳಿಯ ತೇವ 90 ಅಂತ ಹಿಡಿಯಿರಿ. ಮೊತ್ತ 158. ತಂಪು ಊರು ಅನ್ನೋ ಧೈರ್ಯ ಇಲ್ಲಿಗೆ ಮುಗಿಯಿತು, ಅಲ್ವಾ?

ಹಳೆ ಮನೆಗಳಲ್ಲಿ ಸೌದೆ ಒಲೆಯ ಮೇಲೆ ಹೀರೆಕಾಯಿ, ಸೋರೆಕಾಯಿಗಳನ್ನು ಇಡಿಯಾಗಿ ನೇತುಹಾಕುತ್ತಿದ್ದರು. ಬಿಸಿ ಒಳ್ಳೆಯದಲ್ಲವಲ್ಲ ಅಂತ ಅನ್ನಿಸಬಹುದು. ಆದರೆ ಒಲೆ ಮೇಲಿನ ಗಾಳಿ ಒಣಗಿರುತ್ತದೆ, ಹೊಗೆಗೆ ಹುಳು ಹತ್ತಿರ ಬರುವುದಿಲ್ಲ. ಬಿಸಿಯಿಂದ ಆಗುವ ನಷ್ಟಕ್ಕಿಂತ ಒಣಗಿದ ಲಾಭವೇ ಜಾಸ್ತಿ. ಗ್ಯಾಸ್ ಒಲೆಗೆ ಈ ಗುಣ ಇಲ್ಲ. ಕುಕ್ಕರಿನ ಹಬೆ ಬಡಿಯುವ ಶೆಲ್ಫು ಬೀಜಕ್ಕೆ ಮನೆಯಲ್ಲೇ ಅತಿ ಕೆಟ್ಟ ಜಾಗ ಅಂತ ನನ್ನ ಅಭಿಪ್ರಾಯ.

ಈಗ ಒಣಗಿಸುವ ಕೆಲಸ. ಇದನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ನೆರಳಲ್ಲಿ, ಗಾಳಿಯಾಡುವ ಕಡೆ ತೆಳ್ಳಗೆ ಹರಡಿ. ಮಧ್ಯಾಹ್ನ ಸುಡುವ ಸಿಮೆಂಟಿನ ಕಾಫಿ ಕಣದಲ್ಲಿ ಬೇಡ, ಮೊಳಕೆಯೇ ಬೆಂದುಹೋಗುತ್ತದೆ. ಕುಂಬಳ ಬೀಜ ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ಬೀನ್ಸ್ ಕಾಳಿನ ಮೇಲೆ ಉಗುರು ಒತ್ತಿದರೆ ಗುರುತು ಮೂಡಬಾರದು. ಆಮೇಲೆ ಅಕ್ಕಿಯ ಉಪಾಯ: ಅಕ್ಕಿಯನ್ನು ಬಾಣಲೆಯಲ್ಲಿ ಗರಿಗರಿಯಾಗಿ ಹುರಿದು, ಮುಚ್ಚಿಟ್ಟು ಆರಿಸಿ, ಗಾಜಿನ ಜಾಡಿಗೆ ಹಾಕಿ. ಬೀಜವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಅದರ ಮೇಲಿಟ್ಟು ಬಿಗಿಯಾಗಿ ಮುಚ್ಚಿ. ಅಕ್ಕಿ, ಬೀಜ ಸಮಸಮ ಇರಲಿ. ಎರಡು ವಾರದಲ್ಲಿ ಅಕ್ಕಿ ಉಳಿದ ತೇವವನ್ನು ಎಳೆದುಕೊಳ್ಳುತ್ತದೆ. ಅಕ್ಕಿ ತೆಗೆದು ಜಾಡಿಯನ್ನು ಮತ್ತೆ ಮುಚ್ಚಿಡಿ. ಹಸಿ ಬೀಜವನ್ನೇ ಜಾಡಿಗೆ ತುಂಬಿದರೆ ಮಾತ್ರ ಪೇಪರ್ ಕವರಿಗಿಂತ ಬೇಗ ಕೆಡುತ್ತದೆ, ತೇವಕ್ಕೆ ಹೊರಹೋಗಲು ದಾರಿಯೇ ಇಲ್ಲವಲ್ಲ. ಹೆಸರು, ತಿಂಗಳು, ವರ್ಷ ಬರೆದ ಚೀಟಿಯನ್ನು ಜಾಡಿಯ ಒಳಗೇ ಹಾಕಿ.

ಫ್ರಿಜ್ ಇದ್ದರೆ ಒಳ್ಳೆಯದೇ. ಆದರೆ ಹೊರತೆಗೆದ ಜಾಡಿಯನ್ನು ಕೂಡಲೇ ತೆರೆಯಬೇಡಿ. ತಣ್ಣನೆ ಬೀಜದ ಮೇಲೆ ಹೊರಗಿನ ಗಾಳಿಯ ತೇವ ನೀರಾಗಿ ಕೂರುತ್ತದೆ. ಕೋಣೆಯ ಬಿಸಿಗೆ ಬರುವ ತನಕ ಕಾಯಿರಿ. ದೊಡ್ಡ ಮಟ್ಟದಲ್ಲೂ ತತ್ವ ಇದೇ. 2008ರಲ್ಲಿ ಆರಂಭವಾದ ನಾರ್ವೆಯ ಸ್ವಾಲ್‌ಬಾರ್ಡ್ ಬೀಜ ಭಂಡಾರದಲ್ಲಿ ಒಣಗಿಸಿ ಮುಚ್ಚಿದ ಬೀಜವನ್ನು ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ.

ಇಷ್ಟೆಲ್ಲ ಓದಿ ಹಲಸಿನ ಬೀಜವನ್ನೂ ಒಣಗಿಸಲು ಹೋಗಬೇಡಿ. ಒಣಗಿದರೆ ಅದು ಸಾಯುತ್ತದೆ. ಮಾವೂ ಅಷ್ಟೇ. ಇವು ರಿಕ್ಯಾಲ್ಸಿಟ್ರಂಟ್ ಗುಂಪು, ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ತರಕಾರಿಗಳದ್ದು ಆರ್ಥೊಡಾಕ್ಸ್, ಅಂದರೆ ಒಣಗಿಸಿ ಇಡಬಹುದಾದ ಗುಂಪು. ಕಾಫಿ ಎರಡರ ನಡುವೆ ಬರುತ್ತದೆ. ಸ್ವಲ್ಪ ಒಣಗುವುದನ್ನು ತಾಳಿಕೊಳ್ಳುತ್ತದೆ, ಫ್ರಿಜ್ಜಿನ ಚಳಿಯನ್ನು ತಾಳುವುದಿಲ್ಲ. ಹಾಗಾಗಿ ನರ್ಸರಿಗೆ ಆರಿಸಿದ ಹಣ್ಣಿನ ಸಿಪ್ಪೆ ತೆಗೆದು, ಬೀಜಕ್ಕೆ ಬೂದಿ ಬೆರೆಸಿ, ನೆರಳಲ್ಲಿ ಆರಿಸಿ, ಅದೇ ಡಿಸೆಂಬರ್-ಜನವರಿಯಲ್ಲಿ ಪಾತಿಗೆ ಹಾಕುವುದು ವಾಡಿಕೆ.

ಹಳೆ ಬೀಜದ ಬಗ್ಗೆ ಅನುಮಾನ ಇದ್ದರೆ ಬಿತ್ತುವ ಮೊದಲು 10 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 8 ಮೊಳೆತರೆ ಚಿಂತೆಯಿಲ್ಲ. 5 ಮೊಳೆತರೆ ಬೀಜ ದುಪ್ಪಟ್ಟು ಹಾಕಿ. ಒಂದೆರಡೇ ಬಂದರೆ ಹೊಸ ಬೀಜ ತನ್ನಿ. ಬೀನ್ಸ್, ಸೌತೆ ವಾರದೊಳಗೆ ಉತ್ತರ ಹೇಳುತ್ತವೆ. ಮೆಣಸಿನಕಾಯಿ, ಕೊತ್ತಂಬರಿಗೆ ಎರಡು ವಾರವಾದರೂ ಕೊಡಿ, ಐದನೇ ದಿನಕ್ಕೇ ಎಸೆಯಬೇಡಿ.